ಚಾಲಕ ನಾನಲ್ಲ

ವಿಲ್ಫ್ ಹೆಸ್ಲಪ್ ಬದುಕಿನಲ್ಲಿ ಗೆದ್ದ ಒಂದೇ ಒಂದು ಜಗಳದ ಸುದ್ದಿ ಆ ಬೆಳಗ್ಗೆ ಅಂಚೆಯಲ್ಲಿ ಬಂತು. ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗ್ ನೋಡಿಕೊಳ್ಳುವ ಕಂಪನಿ ಬರೆದಿತ್ತು: ತಮ್ಮ ದಂಡ ರದ್ದಾಗಿದೆ, ತಾವು ಕೋರಿದಂತೆ ಗಾಡಿಯ ಫೋಟೋಗಳನ್ನೂ ಅದು ಬಂದುಹೋದ ವೇಳೆಯ ದಾಖಲೆಯನ್ನೂ ಅಳಿಸಿಹಾಕಿದ್ದೇವೆ.

ದಂಡಕ್ಕೆ ಕಾರಣ ಒಂದು ಮಾಂಸದ ಪೈ. ಸೆಪ್ಟೆಂಬರಿನ ಒಂದು ಶನಿವಾರ ವಿಲ್ಫ್ ಅದನ್ನು ಕಾರಿನಲ್ಲೇ ಕೂತು ತಿಂದು, ರೇಡಿಯೋದಲ್ಲಿ ಫುಟ್‌ಬಾಲ್ ಕೇಳುತ್ತ ಕೂತಿದ್ದ. ಅವನ ತಂಡದ ಆಟದಲ್ಲಿ ಜೋಗುಳದ ಗುಣವಿತ್ತು. ಕಣ್ಣು ಬಿಟ್ಟಾಗ ಪುಕ್ಕಟೆ ನಿಲ್ಲಿಸುವ ಹೊತ್ತು ಎಂದೋ ಮುಗಿದಿತ್ತು. ಕಂಬದ ಮೇಲಿನ ಕ್ಯಾಮೆರಾ ಮಾತ್ರ ಮಲಗಿರಲಿಲ್ಲ.

ನೋಟಿಸು ಬಂದ ದಿನವೇ ಅವನು ದುಡ್ಡು ಕಟ್ಟಿಬಿಡುತ್ತಿದ್ದ, ಪಕ್ಕದ ಮನೆಯ ಬೆರಿಲ್ ಬೇಲಿಯಾಚೆಯಿಂದ ಕತ್ತು ಚಾಚದಿದ್ದರೆ. ತನ್ನದು, ತಂಗಿಯದು, ಚರ್ಚಿನ ಪಾದ್ರಿಯದು ಎಂದು ಊರಿನ ಅರ್ಧ ದಂಡಗಳನ್ನು ಬೆರಿಲ್ ಹೊಡೆದುರುಳಿಸಿದ್ದಳು. ಲಕೋಟೆ ನೋಡಿದವಳೇ ನೋಟಿಸು ಗಡುವು ಮೀರಿ ಬಂದಿದೆ ಎಂದಳು. ಹಾಗೆ ತಡವಾದರೆ ಗಾಡಿಯ ಮಾಲೀಕನನ್ನು ಹಿಡಿಯುವಂತಿಲ್ಲ, ಓಡಿಸಿದವನನ್ನೇ ಹಿಡಿಯಬೇಕು.

"ಓಡಿಸಿದ್ದು ಯಾರು ಅಂತ ಅವರಿಗೇನು ಗೊತ್ತು?" ಎಂದಳು.

"ನಾನೇ ಅಲ್ವಾ ಓಡಿಸಿದ್ದು."

"ನೋಡು, ಆಗಲೇ ಹೇಳಿಬಿಟ್ಟೆ. ಬಾಯಿ ಬಿಟ್ಟರೆ ಬಣ್ಣಗೇಡು ನಿಂದು."

ಅಂದಿನಿಂದ ಪಾಠ ಶುರುವಾಯಿತು. 'ನಾನು' ಎನ್ನಬಾರದು, 'ಚಾಲಕ' ಎನ್ನಬೇಕು. ಆ ದಿನದ ಮಾತನ್ನು ಯಾರಲ್ಲೂ ಆಡಬಾರದು. ವಾರ ಕಳೆಯುವಷ್ಟರಲ್ಲಿ ವಿಲ್ಫ್ ಎಷ್ಟು ಪಳಗಿದನೆಂದರೆ, ಚಹಾದಂಗಡಿಯಲ್ಲಿ ಚಾಲಕನಿಗೆ ಎರಡು ಚಮಚ ಸಕ್ಕರೆ ಬೇಕೆಂದು ಕೇಳಿದ. ಬೆರಿಲ್ ಹೇಳಿಕೊಟ್ಟಂತೆ ಪತ್ರ ಬರೆದ. ಅಂಚೆಗೆ ಹಾಕುವ ಮುನ್ನ, ನಂಬಿಕೆ ಬರಲೆಂದು, ಕೊನೆಗೆ ತನ್ನದೂ ಎರಡು ಸಾಲು ಸೇರಿಸಿದ. ಆಮೇಲೆ ಅದನ್ನು ಮರೆತ.

ಗೆದ್ದ ಸುದ್ದಿಯನ್ನು ಹೇಳಲು ಅವನಿಗಿದ್ದವನು ಆಲ್ಬಿ ರೈಡ್ಲಿ ಒಬ್ಬನೇ. ಹಿಂದೆ ಇಬ್ಬರೂ ಒಂದೇ ಕಲ್ಲಿದ್ದಲ ಗಣಿಗೆ ಇಳಿದವರು. ಈಗ ಊರಾಚೆಯ ಬಾಡಿಗೆ ಪಾತಿಗಳಲ್ಲಿ ಅಕ್ಕಪಕ್ಕ ತರಕಾರಿ ಬೆಳೆಯುವವರು. ಆಲ್ಬಿಯ ಲೀಕ್ ದಂಟುಗಳು, ಈರುಳ್ಳಿಯ ಈ ಸಾಧು ನೆಂಟರು, ತೋಳಿನಷ್ಟು ದಪ್ಪ ಬರುತ್ತಿದ್ದವು. ವಿಲ್ಫ್ ಪೈ ತಿಂದು ಮಲಗಿದ ಅದೇ ಶನಿವಾರ ಮಧ್ಯಾಹ್ನ, ಊರಿನ ಲೀಕ್ ಪ್ರದರ್ಶನಕ್ಕೆ ಸ್ವಲ್ಪ ದಿನ ಇರುವಾಗ, ಯಾರೋ ಅವನ್ನು ಸಾಲಾಗಿ ಕೊಯ್ದುಹಾಕಿದ್ದರು. ಸಂಜೆ ಆಲ್ಬಿ ಸತ್ತವರ ಮನೆಯವನಂತೆ ಕೂತಿದ್ದ. ಆ ಹೊತ್ತಿನಲ್ಲಿ ತಾನು ಕಾರಿನಲ್ಲಿ ಗೊರಕೆ ಹೊಡೆಯುತ್ತಿದ್ದೆ ಎನ್ನಲು ನಾಚಿ, ವಿಲ್ಫ್ ಬರೀ ಅವನ ಬೆನ್ನು ಸವರಿದ್ದ.

ಇಂದು ಆಲ್ಬಿ ಒಣಸೊಪ್ಪಿಗೆ ಬೆಂಕಿ ಹಾಕಿದ್ದ. ವಿಲ್ಫ್ ಹಳೆಯ ನೋಟಿಸನ್ನು ಅದರ ಫೋಟೋಗಳ ಸಮೇತ ಉಂಡೆ ಮಾಡಿ ಬೆಂಕಿಗೆ ಎಸೆದ. ಅದೇನೆಂದು ಓದಲು ಆಲ್ಬಿಗೆ ಕನ್ನಡಕ ಹಾಕಿಕೊಳ್ಳಲೂ ಪುರಸೊತ್ತಾಗಲಿಲ್ಲ; ಆದರೂ ಗೆಳೆಯನ ಖುಷಿ ಕಂಡು ನಕ್ಕ. ಇಂಥ ಬೆಂಕಿ ಇನ್ನಷ್ಟು ಎತ್ತರ ಉರಿಯಬೇಕೆಂದು ಅಂದು ಕೊಯ್ದುಬಿದ್ದ ಲೀಕುಗಳನ್ನು ಎಸೆದಿದ್ದ ತನ್ನ ಹಳೆಯ ಗೊಬ್ಬರದ ರಾಶಿಗೆ ಹೋಗಿ ಕವೆಗೋಲು ಹಾಕಿದ.

ಒಣಸೊಪ್ಪಿನ ಜೊತೆ ಒಂದು ಮಡಚುವ ಚಾಕು ಬಂತು. ಹಿಡಿಯ ಮೇಲೆ ವಿಲ್ಫ್‌ನ ಹೆಸರಿನ ಅಕ್ಷರಗಳಿದ್ದವು.

ಬೇಸಿಗೆಯಲ್ಲೇ ಕಳೆದುಹೋಗಿತ್ತೆಂದು ವಿಲ್ಫ್ ಹೇಳಿದ. ಕಳೆದದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ. ಅಷ್ಟರಲ್ಲಿ ಪಾತಿಗಳ ಸಂಘದ ಕಾರ್ಯದರ್ಶಿ ಸ್ಟಾನ್ ಬಂದ, ಚಾಕು ನೋಡಿದ. ಇನ್ನೊಬ್ಬರ ಲೀಕಿಗೆ ಕೈಯಿಟ್ಟವನು ಪಾತಿ ಬಿಡಬೇಕು. ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಕಾನೂನಿರಲಿಲ್ಲ. ಆಲ್ಬಿ ಚಾಕುವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ವಿಲ್ಫ್‌ಗೆ ಪಾತಿ ಹೋಗುವುದಕ್ಕಿಂತ ಆ ನೋಟವೇ ಹೆದರಿಕೆ ಹುಟ್ಟಿಸಿತು.

"ಆ ಮಧ್ಯಾಹ್ನ ಎಲ್ಲಿದ್ದೆ?" ಎಂದ ಸ್ಟಾನ್.

"ಚಾಲಕ ಪಾರ್ಕಿಂಗಿನಲ್ಲಿ ನಿದ್ದೆ ಮಾಡ್ತಿದ್ದ."

"ಯಾವ ಚಾಲಕ?"

"ನಾನೇ ಮಾರಾಯ. ನಾನೇ."

ಸ್ಟಾನ್ ಸಾಕ್ಷಿ ಕೇಳಿದ. ವಿಲ್ಫ್ ಬೆಂಕಿಯತ್ತ ನೋಡಿದ. ನೋಟಿಸು ಬೂದಿಯಾಗಿ ಎಲೆಕೋಸಿನ ಮೇಲೆ ಉದುರುತ್ತಿತ್ತು. ಬೆಳಗಿನ ಪತ್ರದಲ್ಲಿ ಆ ಶನಿವಾರದ ಸುದ್ದಿಯೇ ಇರಲಿಲ್ಲ, ಕಂಪನಿಯ ಫೋನ್ ನಂಬರು ಮಾತ್ರ ಇತ್ತು. ಎಲ್ಲರಿಗೂ ಕೇಳಲೆಂದು ಫೋನಿನ ಸ್ಪೀಕರ್ ಹಾಕಿದ. ಬಹಳ ಹೊತ್ತು ಸಂಗೀತ ಕೇಳಿಸಿ, ಕೊನೆಗೆ ಒಬ್ಬ ಹುಡುಗಿ ಲೈನಿಗೆ ಬಂದಳು. ಅವನ ಹೆಸರು ವಿಳಾಸ ತಾಳೆ ನೋಡಿಕೊಂಡು, ಫೋಟೋ ಒಂದೂ ಉಳಿದಿಲ್ಲ, ನೀವೇ ಅಳಿಸಲು ಹೇಳಿದ್ದಿರಿ ಎಂದಳು.

"ಏನಾದರೂ ಇರಬೇಕಲ್ಲ ತಾಯಿ. ಒಂದು ಚೂರಾದರೂ."

"ನಿಮ್ಮ ಪತ್ರ ಒಂದಿದೆ ಸಾರ್. ದೂರಿನ ಪತ್ರಗಳನ್ನ ಆರು ವರ್ಷ ಇಟ್ಕೋತೀವಿ. ನಾಳೆ ಕೋರ್ಟು ಅಂತ ಬಂದ್ರೆ ಬೇಕಾಗುತ್ತಲ್ಲ."

ವಿಲ್ಫ್‌ನ ಮುಖ ಅರಳಿತು. ಪತ್ರದಲ್ಲಿ ಆ ಶನಿವಾರದ ತಾರೀಖಾದರೂ ಇರುತ್ತದೆ. "ಓದಮ್ಮ, ಜೋರಾಗಿ ಓದು."

ಅವಳು ಸ್ಪಷ್ಟವಾಗಿ ಓದಿದಳು. ತಾರೀಖು ಇತ್ತು. ಬೆರಿಲ್ ಹೇಳಿಕೊಟ್ಟ ಸಾಲುಗಳೂ ಇದ್ದವು. ಆಮೇಲೆ ಕೊನೆಯ ಎರಡು ಸಾಲು ಬಂದವು:

"'ಆ ದಿನದ ಚಾಲಕ ನಾನಲ್ಲ. ಮಧ್ಯಾಹ್ನವಿಡೀ ನಾನು ನನ್ನ ತರಕಾರಿ ಪಾತಿಯಲ್ಲೇ ಇದ್ದೆ. ಅಲ್ಲಿ ನನ್ನನ್ನು ಬಿಟ್ಟು ಒಂದು ನರಪಿಳ್ಳೆಯೂ ಇರಲಿಲ್ಲ.'"

ಇನ್ನೇನಾದರೂ ಸಹಾಯ ಬೇಕೇ ಎಂದು ಹುಡುಗಿ ಕೇಳಿದಳು. ಸ್ಟಾನ್ ಟೋಪಿ ಸರಿಮಾಡಿಕೊಂಡು ಬೇರೆ ಕಡೆ ನೋಡಿದ. ಅಂದೇ ದಂಡ ಕಟ್ಟಿದ್ದರೆ ಎಂದು ವಿಲ್ಫ್ ಯೋಚಿಸತೊಡಗಿ, ಪೂರ್ತಿ ಯೋಚಿಸಲಾರದೆ ಬಿಟ್ಟ.

ಆಲ್ಬಿ ಚಾಕುವಿನ ಮಣ್ಣನ್ನು ಪ್ಯಾಂಟಿಗೆ ಒರೆಸಿ, ಮಡಚಿ, ಗೆಳೆಯನ ಅಂಗೈಯಲ್ಲಿಟ್ಟ.

"ತಗೊ ವಿಲ್ಫ್. ನಿನ್ನ ಚಾಲಕ ಸಿಕ್ಕಿದರೆ ಕೊಡು," ಎಂದು ಹೇಳಿ, ಬೆಂಕಿಗೆ ನೀರು ಹೊಯ್ದ.