ಕರಿಯಕ್ಕನ ದಂಡಕ್ಕೆ ರಸೀದಿ

ಕರಿಯಕ್ಕ: ದಂಡ ಕಟ್ಟಲ್ಲ ಅಂತ ಯಾರಂದ್ರು ಯಜಮಾನ್ರೇ? ರಸೀದಿ ಕೊಡ್ರಿ, ಕಟ್ತೀನಿ.

ಕಲ್ಲೇಶಪ್ಪ: ದೈವಕ್ಕೇ ರಸೀದಿ ಕೇಳ್ತೀಯೇನೇ? ನಮ್ಮಪ್ಪನ ಕಾಲದಿಂದ ಒಬ್ರೂ ಕೇಳಿಲ್ಲ!

ಕರಿಯಕ್ಕ: ಅವರ್ಯಾರಿಗೂ ಓದಾಕೆ ಬರ್ತಿರಲಿಲ್ಲ. ನಂಗೂ ಬರಲ್ಲ ಬಿಡ್ರಿ, ಸೊಸೆಗೆ ಬರ್ತೈತೆ.

ಕೇರಿಯವರ ಸ್ಮಶಾನದ ದಾರಿಗೆ ಕಲ್ಲೇಶಪ್ಪ ಬೇಲಿ ಜಡಿದಿದ್ದ. ಸಂತೇಬೆನ್ನೂರಿನ ಸಂತೆಗೆ ಹೋದ ಕರಿಯಕ್ಕ ಹಾಗೇ ಠಾಣೆಗೂ ಹೋಗಿ ದೂರು ಕೊಟ್ಟು ಬಂದಳು. ದೈವವನ್ನು, ಅಂದರೆ ಊರ ಹಿರಿಯರನ್ನು, ಕೇಳದೆ ಠಾಣೆ ಮೆಟ್ಟಿಲು ಹತ್ತಿದ್ದಕ್ಕೆ ಐದು ಸಾವಿರ ದಂಡ. ಕಟ್ಟದಿದ್ದರೆ ಯಾರೂ ಕೂಲಿಗೆ ಕರೆಯುವಂತಿಲ್ಲ. ದೈವದ ಯಜಮಾನನೂ ಇದೇ ಕಲ್ಲೇಶಪ್ಪ! ಕಟ್ಟಿದರೆ ತಪ್ಪು ಒಪ್ಪಿದಂತೆ, ಬಿಟ್ಟರೆ ಒಲೆ ಉರಿಯದು. ಕರಿಯಕ್ಕ ಮೂರು ದಿನ ತಲೆ ಕೆರೆದುಕೊಂಡು ಬಂದಿದ್ದಳು.

ಕಲ್ಲೇಶಪ್ಪ: ಬರಕೊಡ್ರಿ ಮೇಷ್ಟ್ರೇ, ಪೀಡೆ ತೊಲಗ್ಲಿ.

ದೈವದ ಕಾಗದ ಪತ್ರ ನೋಡುವ ನಿವೃತ್ತ ಕನ್ನಡ ಮೇಷ್ಟ್ರು ಮಾಲತೇಶ್ ಪೆನ್ನು ತೆಗೆದರು. ಪದದ ಬೇರು ಹಿಡಿದು ಜಗ್ಗದಿದ್ದರೆ ಅವರಿಗೆ ಉಂಡದ್ದು ಅರಗದು.

ಮಾಲತೇಶ್: ದಂಡ ಅಂತ ಹೆಂಗೆ ಬರೀಲಿ? ಸಂಸ್ಕೃತದಾಗೆ ದಂಡ ಅಂದ್ರೆ ಕೋಲು. ಅದು ರಾಜನ ಕೈಯಾಗೆ ಇರ್ತಿತ್ತು, ಶಿಕ್ಷೆ ಕೊಡೋನು ಅವನು.

ಕರಿಯಕ್ಕ: ರಾಜ್ರು ಹೋಗಿ ಎಷ್ಟು ವರ್ಷಾತು? ಕೋಲು ಇವರ ಕೈಗೆ ಕೊಟ್ಟೋರು ಯಾರು?

ಕಲ್ಲೇಶಪ್ಪ: ಜುಲ್ಮಾನೆ ಅಂತ ಹಾಕ್ರಿ!

ಮಾಲತೇಶ್: ಅದು ಫಾರಸಿಯ ಜುರ್ಮಾನಾ. ಜುರ್ಮ್ ಅಂದ್ರೆ ಅಪರಾಧ. ಅಪರಾಧ ಯಾವುದು ಅಂತಾನೂ ಬರೀಬೇಕಾಗ್ತೈತೆ.

ಕರಿಯಕ್ಕ: ಬರೀರಿ ಮತ್ತೆ, ಪೊಲೀಸರಿಗೆ ದೂರು ಕೊಟ್ಟಿದ್ದೇ ಅಪರಾಧ ಅಂತ. ಕೆಳಗೆ ಯಜಮಾನ್ರ ಸಹಿ ಇರ್ಲಿ. ಇನ್ಸ್‌ಪೆಕ್ಟ್ರಿಗೆ ತೋರಿಸ್ತೀನಿ.

ಎಲೆ ಅಡಿಕೆ ಅಗಿಯುತ್ತಿದ್ದ ಕಲ್ಲೇಶಪ್ಪನ ದವಡೆ ನಿಂತಿತು. ಕರಿಯಕ್ಕನಿಗೆ ಅದು ಕಂಡಿತು.

ಕಲ್ಲೇಶಪ್ಪ: ಕಾಣಿಕೆ... ಕಾಣಿಕೆ ಅಂತ ಹಾಕ್ರಿ.

ಕರಿಯಕ್ಕ: ಕಾಣಿಕೆ ಮನಸಿದ್ರೆ ಕೊಡೋದು. ನಂಗೆ ಮನಸಿಲ್ಲ.

ಕಲ್ಲೇಶಪ್ಪ: ಫೈನ್ ಅಂತ ಇಂಗ್ಲಿಷ್‌ನಾಗೆ ಗೀಚ್ರಿ ಮಾರಾಯ್ರೇ!

ಮಾಲತೇಶ್: (ಕಣ್ಣರಳಿಸಿ) ಅದರ ಬೇರು ಲ್ಯಾಟಿನ್ ಯಜಮಾನ್ರೇ! ಫೀನಿಸ್ ಅಂದ್ರೆ ಕೊನೆ. ದುಡ್ಡು ಕೊಟ್ಟು ವ್ಯಾಜ್ಯ ಮುಗಿಸೋದು.

ಕರಿಯಕ್ಕ: ವ್ಯಾಜ್ಯ ಹುಟ್ಟಿಸಿದೋರು ಬೇಲಿ ಹಾಕಿದೋರು. ಅವರು ಎಷ್ಟು ಕೊಡ್ತಾರೆ?

ಕಲ್ಲೇಶಪ್ಪ: ಸಾಕು! ದಂಡಾನೂ ಬ್ಯಾಡ ಗಿಂಡಾನೂ ಬ್ಯಾಡ. ಎದ್ದು ಹೋಗು!

ಕರಿಯಕ್ಕ ಏಳಲಿಲ್ಲ. ಸೆರಗು ಬಿಗಿದುಕೊಂಡು ಇನ್ನೂ ಗಟ್ಟಿಯಾಗಿ ಕೂತಳು.

ಕರಿಯಕ್ಕ: ಬಾಯಾಗೆ ಹೇಳಿದ್ರೆ ಆಗಲ್ರಿ. ದಂಡ ಬ್ಯಾಡ ಅಂತ ಬರೆದು ಸೀಲ್ ಒತ್ರಿ. ನಾಳೆ ಮೆಕ್ಕೆಜೋಳ ಮುರಿಯಾಕೆ ಕರೆಯೋರು ನಿಮ್ಮ ಮುಖ ನೋಡಿ ಹೆದರ್ತಾರೆ. ನನ್ನ ಕೈಯಾಗಿನ ಕಾಗದ ನೋಡಿ ಕರೀಲಿ.