ಸ್ಟೀಲ್ ಹಂಚಿನ ಮನೆ

ಎಲ್ಲ ಶುರುವಾದದ್ದು ಒಂದು ಕಂಬದಿಂದ.

ಶಿಕಾರಿಪುರದಲ್ಲಿ ಮನೆಗಳ ನಕ್ಷೆ ಬರೆಯುವ ನಾಗರಾಜ್ ಹದಿನೈದು ದಿನಗಳಿಂದ ಅಶ್ವಿನಿಯ ಕಂಪ್ಯೂಟರ್ ಸೆಂಟರಿಗೆ ಹೋಗಿ, ಪರದೆಯ ಮೇಲೆ ಕಟ್ಟಿದ ಮನೆಗೆ ಕಲ್ಲು, ಮರ, ಬಣ್ಣ ಹಚ್ಚುವುದನ್ನು ಕಲಿಯುತ್ತಿದ್ದ. ಅಂದು ನಾಲ್ಕು ಗಂಟೆಗೆ ಸೊರಬದ ಜವಳಿ ವ್ಯಾಪಾರಿ ಚಂದ್ರಶೇಖರಪ್ಪ ಹೆಂಡತಿ ಮಹಾದೇವಮ್ಮನ ಜೊತೆ ತಮ್ಮ ಮನೆಯ ಚಿತ್ರ ನೋಡಲು ಅಲ್ಲಿಗೇ ಬರುವವರಿದ್ದರು. ಅವರ ಹೊಸ ಮನೆಗೆ ಪಾಯ ಹಾಕಿ, ದೃಷ್ಟಿ ತಾಗದಿರಲೆಂದು ಬೂದುಗುಂಬಳಕಾಯಿಯನ್ನೂ ಕಟ್ಟಿ ಆಗಿತ್ತು. ಮುಂದಿನ ಕೆಲಸ ನಾಗರಾಜನಿಗೋ ಶಿವಮೊಗ್ಗದ ಎಂಜಿನಿಯರಿಗೋ ಎಂಬುದು ಈ ಚಿತ್ರದ ಮೇಲೆ ನಿಂತಿತ್ತು. ಎಂಜಿನಿಯರಿಗೆ ಕಂಪ್ಯೂಟರ್ ಬರುವುದಿಲ್ಲವೆಂಬುದೇ ನಾಗರಾಜನ ಧೈರ್ಯ.

ಬೆಳಿಗ್ಗೆ ಅವನು ಕಂಬಕ್ಕೆ ಅಮೃತಶಿಲೆ ಹಚ್ಚಿದ. ಪಕ್ಕದ ಜೆರಾಕ್ಸ್ ಅಂಗಡಿಯ ತೋಟಪ್ಪ ಇಣುಕಿದ.

"ಏನ್ರೀ ಇದು, ಬಾಳೆದಿಂಡು ನಿಲ್ಲಿಸಿದಂಗೈತಿ! ಕರೇ ಕಲ್ಲು ಹಚ್ರೀ."

ನಾಗರಾಜ್ ಹಚ್ಚಿದ. ಕಂಬ ಬೆಳ್ಳಗೇ ಉಳಿಯಿತು, ಬಾಗಿಲು ಕಪ್ಪುಕಲ್ಲಾಯಿತು.

"ಮೊದಲು ಯಾವುದಕ್ಕೆ ಅಂತ ಆರಿಸಬೇಕು, ಆಮೇಲೆ ಹಚ್ಚಬೇಕು. ಎಷ್ಟು ಸಲ ಹೇಳ್ಲಿ ಸಾರ್?" ಎಂದು ಅಶ್ವಿನಿ ಹಣೆ ಚಚ್ಚಿಕೊಂಡಳು.

ಒಂದೊಂದು ಚಿತ್ರ ಪೂರ್ತಿ ಮೂಡಲು ಮುಕ್ಕಾಲು ಗಂಟೆ ಬೇಕು. ಹನ್ನೆರಡಕ್ಕೆ ಅರ್ಧ ಮನೆ ಮೂಡಿದಾಗ ಕರೆಂಟ್ ಹೋಯಿತು. ಬಂದದ್ದು ಎರಡಕ್ಕೆ. ನಾಗರಾಜನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು.

ಅಷ್ಟರಲ್ಲಿ ಕಟ್ಟಡದ ಒಡತಿ ಉಚ್ಚಂಗಮ್ಮ ಬಂದರು. "ಹಂಚು ಕೆಂಪಗಿದ್ರೆ ಏನ್ ಚೆಂದಪ್ಪಾ? ನಮ್ಮ ಸ್ಟೀಲ್ ಕೊಡಪಾನ ನೋಡು, ಹೆಂಗೆ ಹೊಳೀತೈತಿ. ಅಂಥಾದ್ದು ಹಾಕು."

ಚೆನ್ನಾಗಿರುವುದಿಲ್ಲ ಎಂದು ತೋರಿಸಲೆಂದೇ ನಾಗರಾಜ್ ಹಂಚಿಗೆ ಸ್ಟೀಲ್ ಹಚ್ಚಿದ. ಜೆರಾಕ್ಸಿಗೆ ಬಂದವರು, ಬಸ್ಸಿಗೆ ಕಾಯುತ್ತಿದ್ದವರು, ಎಲ್ಲರೂ ಬಾಗಿಲಲ್ಲಿ ನಿಂತು "ಆಹಾ!" ಎಂದರು. ಹೊಗಳಿಕೆ ಕೇಳಿದರೆ ನಾಗರಾಜ್ ಬೆಣ್ಣೆಯಂತೆ ಕರಗುವ ಪ್ರಾಣಿ. ಒಬ್ಬರು ಹೇಳಿದರೆಂದು ಗೋಡೆ ಗುಲಾಬಿಯಾಯಿತು, ಇನ್ನೊಬ್ಬರು ಹೇಳಿದರೆಂದು ಕಂಬ ಗಿಳಿಹಸಿರಾಯಿತು. ಕೊನೆಯ ಚಿತ್ರ ಮೂಡತೊಡಗಿದಾಗ ಮೂರೂಕಾಲು. ಇನ್ನು ತಿದ್ದಲು ಹೊತ್ತಿರಲಿಲ್ಲ.

ನಾಲ್ಕಕ್ಕೆ ಸರಿಯಾಗಿ ದಂಪತಿ ಬಂದರು. ಜನರನ್ನು ಸರಿಸಿ ಪರದೆ ನೋಡಿದ ಮಹಾದೇವಮ್ಮ ಸೆರಗು ಬಾಯಿಗೆ ಹಿಡಿದರು. "ಅಯ್ಯಯ್ಯೋ! ಊರೋರ ಕಣ್ಣೆಲ್ಲ ಇದರ ಮೇಲೇ ಬಿದ್ದಿದೆಯಲ್ಲ ಮಾರಾಯ್ರೇ!"

ನಾಗರಾಜ್ ಮೌಸಿಗೆ ಕೈ ಹಾಕಿದ. "ಬಣ್ಣ ಬದಲಾಯಿಸ್ತೀನಿ ಅಮ್ಮಾ, ಒಂದು ಗಂಟೆ ಕೊಡಿ..."

"ಬ್ಯಾಡ, ಬ್ಯಾಡ! ಒಂದು ಚೂರೂ ಮುಟ್ಬೇಡಿ," ಎಂದರು ಚಂದ್ರಶೇಖರಪ್ಪ. "ಹಿಂಗೇ ಇರಲಿ. ದೊಡ್ಡದಾಗಿ ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡ್ಸಿ."

ನಾಗರಾಜನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅಶ್ವಿನಿಯ ಕಡೆ ತಿರುಗಿ ಹುಬ್ಬು ಹಾರಿಸಿ, "ಕೆಲಸ ಯಾವಾಗಿಂದ ಶುರು ಮಾಡ್ಲಿ ಸಾರ್?" ಎಂದ.

"ಕೆಲಸ ಸೋಮವಾರದಿಂದ ಶಿವಮೊಗ್ಗದೋರೇ ಶುರು ಮಾಡ್ಲಿ ಬಿಡಿ. ಪಾಯದ ಹತ್ರ ಕಟ್ಟಿದ್ದ ಬೂದುಗುಂಬಳ ಕೊಳೆತುಹೋಗಿತ್ತು ನೋಡಿ, ಏನು ಕಟ್ಟೋದು ಅಂತ ಯೋಚನೆ ಮಾಡ್ತಿದ್ವಿ. ಇದನ್ನ ನೇತು ಹಾಕಿದ್ರೆ ನಮ್ಮ ಮನೆ ಕಡೆ ಒಬ್ರೂ ಕಣ್ಣೆತ್ತಿ ನೋಡಲ್ಲ."

ಮಹಾದೇವಮ್ಮ ಪರದೆಯ ಹತ್ತಿರ ಬಾಗಿದರು. "ತಮ್ಮಾ, ಆ ಕರೇ ಬಾಗಿಲಿಂದ ಹೊರಗೆ ಒಂದು ಕೆಂಪು ನಾಲಿಗೆ ಇಡಕ್ಕಾಗ್ತದಾ?"

ನಾಗರಾಜ್ ಕೂತು ನಾಲಿಗೆ ಮಾಡಿದ. ಮೊದಲು ಆರಿಸಿದ, ಆಮೇಲೆ ಕೆಂಪು ಹಚ್ಚಿದ.

"ಈಗ ಕಲಿತ್ರಿ ನೋಡಿ ಸಾರ್," ಎಂದಳು ಅಶ್ವಿನಿ.