ಸೆರಗು ಒದ್ದೆಯಾಗದ ಮನೆ

ಹಯವದನನ ಪಾಡಿಗೆಲ್ಲ ಕಾರಣ ಒಂದು ರೈಲು ಟಿಕೇಟು.

ಪ್ರತಿವರ್ಷ ಅಕ್ಷಯ ತದಿಗೆ ಮುಗಿಯುವುದೇ ತಡ, ಅವನ ಹೆಂಡತಿ ಸುಲೋಚನಾ ಅಹಮದಾಬಾದಿನ ಬಿಸಿಲಿಗೆ ಕೈಮುಗಿದು ಧಾರವಾಡದ ತವರಿಗೆ ಹೊರಟುಬಿಡುತ್ತಿದ್ದಳು. ಮತ್ತೆ ಬರುವುದು ಮಳೆ ಬಿದ್ದ ಮೇಲೆಯೇ. ಅಲ್ಲಿಯವರೆಗೆ ಹಯವದನ ತಾನೇ ಮಾಡಿದ ಸಾರನ್ನು ತಾನೇ ಉಣ್ಣಬೇಕು. ಚೆನ್ನಾಗಿಲ್ಲ ಎಂದು ಬೈಯಲು ಎದುರಿಗೆ ಯಾರೂ ಇರುತ್ತಿರಲಿಲ್ಲ. ಏಳು ಬೇಸಿಗೆ ಹೀಗೆ ಕಳೆದ ಮೇಲೆ, ಕೇಂದ್ರ ಸರಕಾರದ ಕಟ್ಟಡಗಳ ಕಚೇರಿಯಲ್ಲಿ ನಕ್ಷೆ ಬರೆಯುವ ಈ ಮನುಷ್ಯ ಊರಿನ ಪಾಲ್ಡಿ ಬಡಾವಣೆಯಲ್ಲೊಂದು ಜಾಗ ಹಿಡಿದು, ಹೆಂಡತಿ ಮೇ ತಿಂಗಳಲ್ಲೂ ನಿಲ್ಲುವಂಥ ಮನೆ ಕಟ್ಟಿದ.

ನಕ್ಷೆ ಅವನದು, ಬುದ್ಧಿ ಆ ಜಾಗದ ಪಕ್ಕದ ಮನೆಯ ಗುಜರಾತಿ ಮುದುಕಿ ಡಾಹಿಬಾಳದು. ಹಳೇ ಊರಿನ ಇಕ್ಕಟ್ಟು ಓಣಿಯಲ್ಲಿ ಎಪ್ಪತ್ತು ಬೇಸಿಗೆ ಕಂಡವಳು ಅವಳು. ಮನೆಯ ನಡುವೆ ಹಗಲು ಮೇಲೆ ತಟ್ಟಿ ಎಳೆಯುವ ಅಂಗಳ, ಅಂಗಳದ ಕೆಳಗೆ ಮಳೆನೀರಿನ ಟಾಂಕಿ, ಪಡುವಣಕ್ಕೆ ಮೊಳ ದಪ್ಪದ ಗೋಡೆ, ಆ ಗೋಡೆಗೆ ಒಂದೂ ಕಿಟಕಿ ಬೇಡ ಎಂದು ಅವಳು ಹೇಳಿದ್ದನ್ನೆಲ್ಲ ಹಯವದನ ವೇದವಾಕ್ಯವೆಂದು ಬರೆದುಕೊಂಡಿದ್ದ. ಬಿಸಿಲನ್ನು ಹಿಂದಕ್ಕೆ ಅಟ್ಟಲು ಮಾಳಿಗೆಯ ಮೇಲೆ ಬಿಳಿ ಪಿಂಗಾಣಿ ಚೂರು ಹಾಸಿದ. ಚೂರುಗಳೆಲ್ಲ ಕಚೇರಿ ಕ್ಯಾಂಟೀನಿನ ಒಡಕು ಕಪ್ಪುಬಸಿಗಳು. ಕಿಟಕಿಯಿಲ್ಲದ ಗೋಡೆ ಕಂಡು ನೆರೆಯವರು ಅದಕ್ಕೆ ‘ಹಯವದನನ ಲಾಯ’ ಎಂದು ಹೆಸರಿಟ್ಟರು.

ಗೃಹಪ್ರವೇಶ ಮುಗಿದ ಮೂರನೆಯ ದಿನ, ಭಾನುವಾರ ಬೆಳಿಗ್ಗೆ, ಸುಲೋಚನಾ ಟ್ರಂಕು ಕಟ್ಟಿ ಬಾಗಿಲ ಬಳಿ ಇಟ್ಟಳು. ಕೈಯಲ್ಲಿ ರಾತ್ರಿ ಗಾಡಿಯ ಟಿಕೇಟು.

“ಸಂಜಿ ಐದರ ತನಕ ನೋಡತೀನ್ರಿ,” ಎಂದಳು. “ಸೆರಗಲೆ ಒಮ್ಮೆ ಬೆವರು ಒರಸಿಕೊಂಡೆ ಅಂದ್ರ ಗಾಡಿ ಹತ್ತೋದು ಹತ್ತೋದ. ಇಲ್ಲಾಂದ್ರ ಇಲ್ಲೇ ಇರತೀನಿ.”

ಹಯವದನ ಒಂಬತ್ತಕ್ಕೆ ಎಲ್ಲ ಕಿಟಕಿ ಮುಚ್ಚಿದ. ರಾತ್ರಿ ತೆಗೆದು ಹಗಲು ಮುಚ್ಚಬೇಕೆಂಬುದು ಡಾಹಿಬಾಳ ಸೂತ್ರ. ಮುಂಬಾಗಿಲು ಮುಚ್ಚಹೋದಾಗ ಸುಲೋಚನಾ ಅಡ್ಡ ಬಂದಳು.

“ಹೊಸಾ ಮನಿ ಬಾಗಲಾ ಹಾಕಬಾರದ್ರಿ. ಲಕ್ಷ್ಮಿ ಬಂದು ಹೊಸ್ತಿಲದಾಗ ನಿಂತಿದ್ದಳಂದ್ರ?”

ಲಕ್ಷ್ಮಿಗಿಂತ ಮೊದಲು ಬಂದವರು ಎದುರು ಮನೆಯ ವಿಮೆ ಕಂಪನಿಯ ರಘುರಾಮ. ಹಾಸನದ ಕಡೆಯವರು. ಲಾಯವನ್ನು ಗೇಲಿ ಮಾಡಲು ಬಂದವರು ಅಂಗಳದ ಕಲ್ಲಿನ ಮೇಲೆ ಕೂತರು, ಆಮೇಲೆ ಒರಗಿದರು, ಕೊನೆಗೆ ಮಲಗಿಯೇಬಿಟ್ಟರು.

“ಏನ್ರೀ ಹಯವದನ್, ನಮ್ಮನೇಲಿ ಗೋಡೆ ಮುಟ್ಟಿದ್ರೆ ಕೈ ಸುಡುತ್ತೆ. ನಮ್ಮೋರನ್ನೂ ಒಂದ್ನಿಮಿಷ ಕರೀತೀನಿ, ನೋಡ್ಲಿ.”

ಆ ಒಂದು ನಿಮಿಷ ನೋಡಲು ಹೆಂಡತಿ, ಅತ್ತೆ, ನಾಲ್ಕು ಮಕ್ಕಳು ಬಂದರು. ಕುಂಕುಮಕ್ಕೆಂದು ಬಂದ ಹೆಂಗಸರೂ ಏಳಲಿಲ್ಲ. ಹಯವದನ ಬಾಗಿಲು ಮುಚ್ಚುವುದು, ಹೊಸಬರು ಅದನ್ನು ತೆರೆದು ಕಾದ ಗಾಳಿಯನ್ನೂ ಜೊತೆಗೆ ಕರೆತರುವುದು, ಹೀಗೇ ಹನ್ನೆರಡಾಯಿತು. ಒಳಗೆ ಹತ್ತೊಂಬತ್ತು ಜನ ಅತಿಥಿಗಳು. ಗೋಡೆಯ ಥರ್ಮಾಮೀಟರು ಎಂಬತ್ತೇಳು ಡಿಗ್ರಿ ಫ್ಯಾರನ್‌ಹೀಟಿನಿಂದ ತೊಂಬತ್ತಾರಕ್ಕೆ ಏರಿತು. ಹಯವದನ ಹೆಂಡತಿಯ ಸೆರಗನ್ನೇ ನೋಡುತ್ತ, ಉಪ್ಪಿನಕಾಯಿ ಕಾಯುವ ಬೆಕ್ಕಿನಂತೆ ಕೆಲಸವಿಲ್ಲದೆ ಸುತ್ತಿದ.

ಸುಲೋಚನಾ ಸೆರಗು ಎತ್ತಿದಳು. ಇವನ ಜೀವ ಬಾಯಿಗೆ ಬಂತು. ಅವಳು ರಘುರಾಮರ ಕಿರಿಮಗಳ ಮೂಗು ಒರೆಸಿ ಸೆರಗು ಕೆಳಗೆ ಬಿಟ್ಟಳು.

ಅಷ್ಟರಲ್ಲಿ ಡಾಹಿಬಾ ಬಂದಳು. ಒಮ್ಮೆ ಸುತ್ತ ಕಣ್ಣಾಡಿಸಿ, ಮಾತಾಡುವವರ ಬಾಯಿ ಮುಚ್ಚಿಸಿ, ಮಕ್ಕಳನ್ನು ಮಲಗಿಸಿ, ಕಳೆದ ಮಳೆಗೇ ತುಂಬಿದ್ದ ಟಾಂಕಿಯಿಂದ ಎರಡು ಕೊಡ ನೀರು ಸೇದಿ ಅಂಗಳಕ್ಕೆ ಚಿಮುಕಿಸಿದಳು. ನೇರ ಹೋಗಿ ಬಾಗಿಲಿಗೆ ಅಗುಳಿ ಹಾಕಿದಳು. ಸುಲೋಚನಾ ಬಾಯಿ ತೆರೆಯುವ ಮೊದಲೇ ತನ್ನ ಗುಜರಾತಿಯಲ್ಲಿ ಹೇಳಿದಳು: “ಈ ಬಿಸಿಗಾಳಿಯಲ್ಲಿ ಲಕ್ಷ್ಮಿಯೂ ಹೊರಗೆ ತಿರುಗುವುದಿಲ್ಲ, ಮಗಳೇ. ದೀಪ ಹಚ್ಚುವ ಹೊತ್ತಿಗೆ ಬರುತ್ತಾಳೆ. ಆಗ ತೆಗೆ.”

ಅರ್ಧ ಗಂಟೆಯಲ್ಲಿ ಮನೆ ಮತ್ತೆ ತಣ್ಣಗಾಯಿತು. ಹಯವದನ ಹೋಗಿ ಮುದುಕಿಯ ಕಾಲು ಮುಟ್ಟಿದ. ಹೆತ್ತ ತಾಯಿ ಇಲ್ಲದ ಊರಿನಲ್ಲಿ ಇವಳೊಬ್ಬಳು ಸಿಕ್ಕಳಲ್ಲ ಎಂದು ಅವನ ಕಣ್ಣು ತುಂಬಿತು.

ಮೂರು ಗಂಟೆಗೆ ಯಾರೋ ಬಾಗಿಲು ದಬದಬ ಬಡಿದರು. ಹೊರಗೆ ಅವನ ಸಾಹೇಬರು, ಇಂಜಿನಿಯರ್ ಅನಂತರಾಮಯ್ಯ. ಜೀಪಿನ ನೀರು ಕುದಿದು ರಸ್ತೆಯಲ್ಲೇ ನಿಂತಿತ್ತಂತೆ, ಅವರ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಹಯವದನ ಮಣ್ಣಿನ ಹೂಜಿಯ ನೀರು ಕೊಟ್ಟ. ಕುಡಿದವರೇ, ರಘುರಾಮರ ಪಕ್ಕದಲ್ಲಿ ಕೈಯನ್ನೇ ದಿಂಬು ಮಾಡಿಕೊಂಡು ಗೊರಕೆ ಹೊಡೆದರು.

ಗಡಿಯಾರ ಐದು ಹೊಡೆಯಿತು. ಸುಲೋಚನಾ ಬೆವರು ತಾಗದ ಸೆರಗನ್ನು ಗಂಡನ ಮುಂದೆ ಹಿಡಿದಳು. ಆಮೇಲೆ ಟಿಕೇಟನ್ನು ಎರಡು ತುಂಡು ಮಾಡಿದಳು.

“ನನಗೋಸ್ಕರ ಇಷ್ಟೆಲ್ಲಾ ಮಾಡೀರಿ. ಇನ್ನ ಯಾವ ಬ್ಯಾಸಿಗಿಗೂ ಈ ಮನಿ ಬಿಟ್ಟು ಹೋಗಂಗಿಲ್ಲ ನಾ.”

ಹಯವದನ ಎರಡೂ ತುಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಅಷ್ಟು ಹೊತ್ತಿಗೆ ಎಚ್ಚರಗೊಂಡ ಅನಂತರಾಮಯ್ಯ ಗೋಡೆ ತಟ್ಟಿ ನೋಡಿದರು, ಅಂಗಳಕ್ಕೆ ಕಿವಿಗೊಟ್ಟು ಕೆಳಗಿನ ನೀರಿನ ಸದ್ದು ಕೇಳಿದರು. ಅವರ ಕಣ್ಣೂ ಒದ್ದೆಯಾಗಿತ್ತು.

“ನನ್ನ ಜೀವ ಉಳಿಸಿದ್ರಿ ಕಣ್ರೀ. ಈ ಋಣ ತೀರಿಸದೆ ಹೋಗೋನಲ್ಲ. ರಾಜಸ್ಥಾನದ ಬಾರ್ಮೇರ್ ಮರುಭೂಮೀಲಿ ಇನ್ನೂರು ಮನೆ ಕಟ್ಟಬೇಕು. ಯಾರನ್ನ ಕಳಿಸಲಿ ಅಂತ ಒಂದು ತಿಂಗಳಿಂದ ತಲೆ ಕೆಡಿಸ್ಕೊಂಡಿದ್ದೆ. ಬಡ್ತಿ ಕೊಟ್ಟೇ ಕಳಿಸ್ತೀನಿ. ಮೂರು ವರ್ಷದ ಕೆಲಸ.”

“ಸರ್, ಸಂಸಾರ...”

“ಸಂಸಾರ ಸದ್ಯಕ್ಕೆ ಬೇಡ. ಅಲ್ಲಿ ಮನೆ ಎಲ್ಲಿವೆ, ನೀವೇ ಕಟ್ಟಬೇಕಲ್ಲ? ಜೀಪು ರಿಪೇರಿ ಆದ ತಕ್ಷಣ ಇವತ್ತೇ ಹೊರಡೋಣ. ನಿಮ್ಮನ್ನ ಅಲ್ಲಿ ಬಿಟ್ಟೇ ಬರ್ತೀನಿ.”

ಹತ್ತೊಂಬತ್ತು ಜನರೂ ಎದ್ದು ಕೂತು ಬಡ್ತಿಗೆ ಚಪ್ಪಾಳೆ ತಟ್ಟಿದರು. ಯಜಮಾನರು ಇಲ್ಲದಿದ್ದರೂ ಸುಲೋಚನಮ್ಮನವರಿಗೆ ಒಂಟಿ ಅನಿಸದಂತೆ ದಿನಾ ಮಧ್ಯಾಹ್ನ ಬಂದು ಮಲಗುವುದಾಗಿ ರಘುರಾಮ ಮಾತು ಕೊಟ್ಟರು.

ಧಾರವಾಡಕ್ಕೆಂದು ಕಟ್ಟಿದ ಟ್ರಂಕಿನಿಂದ ಸೀರೆಗಳು ಹೊರಬಂದು ಅಂಗಿಗಳು ಒಳಗೆ ಹೋದವು. ಹಣೆಯಿಂದ ಧಾರಾಕಾರ ಇಳಿಯುತ್ತಿದ್ದ ಗಂಡನ ಬೆವರನ್ನು ಸುಲೋಚನಾ ಸೆರಗಿನಿಂದ ಒರೆಸಿದಳು.

“ಸೆರಗು ಒದ್ದಿ ಆತಲ್ಲ. ಶರತ್ತಿನ ಪ್ರಕಾರ ನೀನೂ ಮನಿ ಬಿಡಬೇಕು, ನನ್ನ ಕೂಡ ಬಾ,” ಎಂದ ಹಯವದನ, ಕೊನೆಯ ಆಸೆಯಿಂದ.

“ಶರತ್ತು ನನ್ನ ಬೆವರಿಂದು,” ಎಂದಳು ಸುಲೋಚನಾ. “ನಿಮ್ಮದಲ್ಲ.”

ದೀಪ ಹಚ್ಚುವ ಹೊತ್ತಾಗಿತ್ತು. ಡಾಹಿಬಾ ಎದ್ದು ಲಕ್ಷ್ಮಿಗೆಂದು ಬಾಗಿಲು ಅಗಲಕ್ಕೆ ತೆರೆದಳು. ಹಯವದನ ಟ್ರಂಕು ಹೊತ್ತುಕೊಂಡು ಅದೇ ಬಾಗಿಲಿನಿಂದ ಹೊರಗೆ ಹೋದ.